ಫಿನ್ಲೆಂಡಿಗೆ ಹೊರಟವರು ಮೊದಲು ನಕ್ಷೆ ನೋಡಿ

ಫಿನ್ಲೆಂಡ್ ಚಿಕ್ಕ ದೇಶ, ಒಂದೇ ವಾರದಲ್ಲಿ ಎಲ್ಲ ಸುತ್ತಬಹುದು ಅಂದುಕೊಳ್ಳಬೇಡಿ. ಹೆಲ್ಸಿಂಕಿಯಿಂದ ಉತ್ತರದ ತುದಿಯ ಉಟ್ಸ್‌ಯೋಕಿಗೆ ರಸ್ತೆಯಲ್ಲಿ 1,200 ಕಿ.ಮೀ.ಗಿಂತ ಜಾಸ್ತಿ. ದೇಶದ ಸುಮಾರು ಮುಕ್ಕಾಲು ಭಾಗ ಕಾಡು, ನಡುನಡುವೆ ಸುಮಾರು 1,88,000 ಸರೋವರಗಳು.

ಬೇಸಿಗೆಯಲ್ಲಿ ಹೋದರೆ ಕಾಡಿಗೆ ಹೋಗಲೇಬೇಕು. ಮನೆಯಂಗಳ, ಹೊಲ ಬಿಟ್ಟು ಯಾರ ಕಾಡಿನಲ್ಲಾದರೂ ಬ್ಲೂಬೆರಿ ಕಿತ್ತು ತಿನ್ನಬಹುದು. ಯಾರನ್ನೂ ಕೇಳಬೇಕಿಲ್ಲ, ಅಲ್ಲಿ ಅದು ಎಲ್ಲರ ಹಕ್ಕು. ಎಷ್ಟು ಚೆಂದದ ಪದ್ಧತಿ ಅಲ್ವಾ! ನಮ್ಮ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ, ಬೆರಳೆಲ್ಲ ನೀಲಿಯಾಗುತ್ತದೆ. ಉತ್ತರದಲ್ಲಿ ಜುಲೈ ತಿಂಗಳ ಸೊಳ್ಳೆ ಕಾಟ ವಿಪರೀತ, ತುಂಬು ತೋಳಿನ ಅಂಗಿ ಇರಲಿ.

ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲೇ ಮಧ್ಯಾಹ್ನ ಮೂರೂಕಾಲಿಗೆ ಸೂರ್ಯ ಮುಳುಗುತ್ತಾನೆ. ಕೋಟಿಗೆ ನೇತುಹಾಕುವ ರಿಫ್ಲೆಕ್ಟರ್ ಮರೆಯದೆ ಕೊಳ್ಳಿ. ಕತ್ತಲಲ್ಲಿ ನಡೆಯುವಾಗ ಗಾಡಿಯವರಿಗೆ ನೀವು ಕಾಣಬೇಕು.