ಅಫಿಂಗ್ಟನ್ನಿನ ಬಿಳಿ ಕುದುರೆಗೆ ಸೀಮೆಸುಣ್ಣ ಕುಟ್ಟಿದ ಅನುಭವ

ನಾನಿರುವ, ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದ ಪೂರ್ವಕ್ಕೆ ಆಕ್ಸ್‌ಫರ್ಡ್‌ಶೈರಿನ ಅಫಿಂಗ್ಟನ್ ಎಂಬ ಪುಟ್ಟ ಹಳ್ಳಿಯಿದೆ. ಎಂಟು ಮೂಲೆಯ ಗೋಪುರವುಳ್ಳ ಹಳೆಯ ಚರ್ಚು ಅಲ್ಲಿದ್ದರೂ, ಊರಿಗೆ ಹೆಸರು ತಂದಿರುವುದು ದಕ್ಷಿಣದ ಗುಡ್ಡದ ಮೇಲೆ ಮೂಡಿಸಿರುವ, ಸುಮಾರು 110 ಮೀಟರ್ ಉದ್ದದ ಬಿಳಿ ಕುದುರೆ. ಅದನ್ನು ಬೆಳ್ಳಗೆ ಉಳಿಸಲು, ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಪ್ರತಿ ಬೇಸಿಗೆಯಲ್ಲಿ ಸ್ವಯಂಸೇವಕರನ್ನು ಕರೆಯುತ್ತದೆ. ಕಳೆದ ಸಲ ನಾನೂ ಹೋಗಿದ್ದೆ.

ಮೇಲಿನ ಹುಲ್ಲು ಕೆತ್ತಿದರೆ ಕುದುರೆ ಕಾಣುತ್ತದೆ ಎಂದೇ ನಾನು ತಿಳಿದಿದ್ದೆ. ಆದರೆ ಅದನ್ನು ಮಾಡಿದವರು ಗುಡ್ಡದಲ್ಲಿ ಆಳವಾದ ಕಾಲುವೆಗಳನ್ನು ತೋಡಿ, ಅವುಗಳಲ್ಲಿ ಸೀಮೆಸುಣ್ಣವನ್ನು, ಅಂದರೆ ಮೆತ್ತನೆಯ ಬಿಳಿ ಸುಣ್ಣಕಲ್ಲನ್ನು, ಗಿಡಿದು ತುಂಬಿದ್ದರು. ಕೆಳಪದರದ ಮಣ್ಣು ಕೊನೆಯದಾಗಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನದಿಂದ, ಇದು ಸುಮಾರು 3000 ವರ್ಷ ಹಳೆಯದೆಂದು 1990ರ ದಶಕದಲ್ಲಿ ತಿಳಿದುಬಂತು. ಇಷ್ಟು ಕಾಲ ಯಾರೂ ಕಳೆ ಕೀಳದೆ ಬಿಟ್ಟಿದ್ದರೆ ಅದು ಎಂದೋ ಹುಲ್ಲಿನಡಿ ಮುಚ್ಚಿಹೋಗುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಹಿಂಗಾಲಿನ ಒಂದು ತುಂಡು. ಮೊದಲು ಮೊಣಕಾಲೂರಿ ಕೂತು ಕಳೆ ಕೀಳಬೇಕು. ನಂತರ ಬಕೆಟ್ಟಿನಲ್ಲಿ ಕೊಟ್ಟ ಸೀಮೆಸುಣ್ಣದ ಹೆಂಟೆಗಳನ್ನು ಸುರಿದು ಸುತ್ತಿಗೆಯಿಂದ ಕುಟ್ಟಬೇಕು. ಮೊದಮೊದಲು ಚೂರುಗಳು ಸಿಡಿದು ಮುಖಕ್ಕೆ ಬಡಿಯುತ್ತವೆ. ಕುಟ್ಟುತ್ತ ಹೋದಂತೆ, ತೇವವಿರುವುದರಿಂದ, ಪುಡಿಯು ಹಿಟ್ಟಿನಂತೆ ಮೆತ್ತಗಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ನಮ್ಮಜ್ಜಿ ಮನೆಯ ಮಣ್ಣಿನ ನೆಲಕ್ಕೆ ದಮ್ಮಸ್ಸು ಹಾಕುತ್ತಿದ್ದ ಸದ್ದೇ ಕೇಳಿದಂತಾಯಿತು. ಅಂಚಿನಲ್ಲಿ ನಾನು ಎಡವಿದೆ. ಗೆರೆ ಚೊಕ್ಕವಾಗಲೆಂದು ಅಂಚಿನ ಹುಲ್ಲನ್ನು ಬೇರುಸಹಿತ ಎಳೆದಾಗ, ಅಲ್ಲಿನ ಮೇಲ್ವಿಚಾರಕಿ ಬಂದು ತಡೆದರು. ಪ್ರತಿಯೊಬ್ಬರೂ ಒಂದೊಂದು ಬೆರಳಗಲ ಸರಿಸಿದರೆ ಕೆಲವೇ ವರ್ಷಗಳಲ್ಲಿ ಕಾಲಿನ ಆಕಾರವೇ ಬದಲಾಗುತ್ತದಂತೆ. ಅಲ್ಲಿ ಕೂತವರಿಗೆ ಕುದುರೆ ಕಾಣುವುದಿಲ್ಲವಾದ್ದರಿಂದ ಈ ಎಚ್ಚರ ಅಗತ್ಯವೇ. ಕಣ್ಣೆದುರು ಇರುವುದು ಒಂದು ಬಿಳಿಯ ಕಾಲುದಾರಿಯಷ್ಟೆ.

ಹಿಂದೆ ಸುತ್ತಲಿನ ಹಳ್ಳಿಗರೇ ಈ ಕೆಲಸಕ್ಕೆ ಸೇರಿ, ಜೊತೆಗೆ ಜಾತ್ರೆ ನಡೆಸಿ, ಪಕ್ಕದ ಕೊರಕಲಿನೊಳಕ್ಕೆ ಚೀಸಿನ ಗಡ್ಡೆ ಉರುಳಿಸಿ ಅದರ ಬೆನ್ನಟ್ಟಿ ಓಡುತ್ತಿದ್ದರು. ನಮಗೆ ಸಿಕ್ಕಿದ್ದು ಫ್ಲಾಸ್ಕಿನ ಚಹಾ ಮಾತ್ರ.

ಹೋಗುವವರು ಮೊಣಕಾಲಿಗೆ ದಪ್ಪನೆಯ ಮೆತ್ತೆ ಒಯ್ಯಿರಿ, ಕಪ್ಪು ಪ್ಯಾಂಟು ತೊಡಬೇಡಿ. ನನ್ನ ಬೂಟಿನ ಹೊಲಿಗೆಯಲ್ಲಿ ಆ ಬಿಳುಪು ಇನ್ನೂ ಇದೆ.