ದಿಢೀರನೆ ನೋಯುವ ಪೈಲ್ಸ್ ಗಂಟು: ಮೊದಲ ಮೂರು ದಿನ ಸುಮ್ನೆ ಕೂರಬೇಡಿ

ರಾತ್ರಿ ಏನೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಗುದದ ಅಂಚಿನಲ್ಲಿ ದ್ರಾಕ್ಷಿ ಗಾತ್ರದ ಗಟ್ಟಿ ಗಂಟು, ಕೂತರೂ ನೋವು, ನಿಂತರೂ ನೋವು. ನಮ್ಮ ಭಾವನವರಿಗೆ ಹೀಗೇ ಆಯಿತು. ನಾಚಿಕೆಪಟ್ಟುಕೊಂಡು ಯಾರಿಗೂ ಹೇಳದೆ, ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೈಕ್ ಮೇಲೆ ಹಲ್ಲು ಕಚ್ಚಿಕೊಂಡು ಓಡಾಡಿ, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಒಂದು ವಾರ ಕಳೆದಿತ್ತು.

ಇದು ಸಾಮಾನ್ಯವಾಗಿ ಹೊರಗಿನ ಮೂಲವ್ಯಾಧಿಯೊಳಗೆ ರಕ್ತ ಹೆಪ್ಪುಗಟ್ಟಿ ಆಗುವುದು. ಮೊದಲ ಎರಡು ಮೂರು ದಿನ ನೋವು ಜಾಸ್ತಿ. ತಡೆಯಲಾಗದಷ್ಟು ನೋವಿದ್ದು 72 ಗಂಟೆಯೊಳಗೆ ಸರ್ಜನ್ ಹತ್ತಿರ ಹೋದರೆ, ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗಂಟನ್ನು ತೆಗೆಯಬಹುದು. ತಡವಾದರೆ ನೋವು ತಾನಾಗೇ ಇಳಿಯುತ್ತಿರುತ್ತದೆ, ಆಗ ಕತ್ತರಿಸಿ ಲಾಭ ಕಡಿಮೆ. ಗಂಟು ಕರಗಲು ಕೆಲವು ವಾರ ಬೇಕು. ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ಉದುರಿಸುವ ಚಿಕಿತ್ಸೆ ಒಳಗಿನ ಪೈಲ್ಸ್‌ಗೆ, ಇದಕ್ಕಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಅಗಲವಾದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ, ಸಂಡಾಸಿಗೆ ಹೋಗಿ ಬಂದ ಮೇಲಂತೂ ತಪ್ಪಿಸಬೇಡಿ. ನೀರಿಗೆ ಡೆಟಾಲ್ ಬೇಡ, ಉರಿಯುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು ಇಟ್ಟರೆ ಊತಕ್ಕೆ ಒಳ್ಳೆಯದು. ನೋವಿಗೆ ಪ್ಯಾರಾಸಿಟಮಾಲ್, ಮೇಲೆ ಹಚ್ಚಲು ಜಾಗ ಮರಗಟ್ಟಿಸುವ ಲಿಗ್ನೋಕೇನ್ ಮುಲಾಮು. ಸ್ಟೀರಾಯ್ಡ್ ಇರುವ ಮುಲಾಮನ್ನು ಡಾಕ್ಟರನ್ನು ಕೇಳದೆ ಒಂದು ವಾರಕ್ಕಿಂತ ಜಾಸ್ತಿ ಹಚ್ಚಬೇಡಿ. ಕೊಡೀನ್ ಇರುವ ನೋವಿನ ಮಾತ್ರೆ ತೆಗೆದುಕೊಂಡರೆ ಮಲಬದ್ಧತೆ ಬಂದು ಇನ್ನೂ ಕಷ್ಟ.

ಮಲ ಮೆತ್ತಗಿರಬೇಕು, ಅದೇ ಮುಖ್ಯ. ರಾತ್ರಿ ಇಸಬ್ಗೋಲ್, ಜೊತೆಗೆ ದೊಡ್ಡ ಲೋಟದ ತುಂಬಾ ನೀರು. ನೀರು ಕಡಿಮೆಯಾದರೆ ಇಸಬ್ಗೋಲೇ ಕಟ್ಟಿಕೊಳ್ಳುತ್ತದೆ. ಸೊಪ್ಪಿನ ಸಾರು, ಹುರುಳಿಕಾಳು, ಸೀಬೆಹಣ್ಣು, ಪಪ್ಪಾಯಿ ತಿನ್ನಿ. ಮಲ ಹೋಗಲು ತಿಣುಕಬೇಡಿ, ಮೊಬೈಲ್ ಹಿಡಿದುಕೊಂಡು ಟಾಯ್ಲೆಟ್‌ನಲ್ಲಿ ಕೂರಬೇಡಿ.

ನೋವೆಲ್ಲಾ ಪೈಲ್ಸ್ ಅಲ್ಲ. ಮಲ ಹೋಗುವಾಗ ಬ್ಲೇಡಿನಲ್ಲಿ ಕೊಯ್ದ ಹಾಗಾದರೆ ಫಿಶರ್, ಅಂದರೆ ಗುದದ ಅಂಚಿನಲ್ಲಿ ಸೀಳು, ಇರಬಹುದು. ಜ್ವರದ ಜೊತೆ ಪಟಪಟ ಮಿಡಿಯುವ ನೋವಿದ್ದರೆ ಕೀವು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ನಿಲ್ಲದಿದ್ದರೆ, ತಲೆ ಸುತ್ತಿದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕಾಯಬೇಡಿ.

ಬಸ್ ಸ್ಟಾಪ್ ಗೋಡೆಗೆ ಅಂಟಿಸಿರುವ 'ಒಂದೇ ದಿನದಲ್ಲಿ ಗುಣ' ಚೀಟಿಯ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ. ದುಡ್ಡಿನ ಚಿಂತೆಯಿದ್ದರೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಸರ್ಜರಿ ವಿಭಾಗ ಇದೆ. ಹೇಳಲು ಸಂಕೋಚ ಅಲ್ವಾ? 'ಗುದದ ಹತ್ತಿರ ಗಂಟು, ಮೊನ್ನೆ ಶುರುವಾಯಿತು' ಅಂದರೆ ಸಾಕು. ಶುರುವಾದ ದಿನ ಮಾತ್ರ ಸರಿಯಾಗಿ ಹೇಳಿ.