ಕಾರ್ ವಾಶ್ ಪಂಪಿನಿಂದ ವಾಟರ್‌ಜೆಟ್ ಕಟರ್: ನನ್ನ ಅನುಭವ

ಕೋಲಾರದಲ್ಲಿ ನನ್ನದೊಂದು ಸಣ್ಣ ಸೈನ್ ಬೋರ್ಡ್ ಅಂಗಡಿ ಇದೆ. ಅಕ್ರಿಲಿಕ್, ಪ್ಲೈವುಡ್ ಕತ್ತರಿಸಲು ಸಿಒ2 ಲೇಸರ್ ಸಾಕು. ಆದರೆ ಅದರಲ್ಲಿ ಅಲ್ಯೂಮಿನಿಯಂ ಆಗುವುದಿಲ್ಲ. ಗಾಜು ಬಿರುಕು ಬಿಡುತ್ತದೆ. ಪಿವಿಸಿ ಶೀಟ್ ಹಾಕಿದರೆ ಕ್ಲೋರಿನ್ ಇರುವ ಹೊಗೆ ಬಂದು ಮನುಷ್ಯನಿಗೂ ಕೆಟ್ಟದ್ದು, ಮೆಷಿನ್ನಿಗೂ ಕೆಟ್ಟದ್ದು. ಗ್ರಾಹಕರು ಕೇಳುವುದು ಇವನ್ನೇ. ಪ್ರತಿ ಸಲ ಬೆಂಗಳೂರಿಗೆ ಕಳಿಸಿ ಕಾಯುವ ಬದಲು ನೀರಿನಲ್ಲಿ ಕತ್ತರಿಸುವ ಮೆಷಿನ್ ನಾನೇ ಮಾಡಿಕೊಳ್ಳಬೇಕು ಅನ್ನಿಸಿತು.

ಫ್ಯಾಕ್ಟರಿಗಳಲ್ಲಿರುವ ವಾಟರ್‌ಜೆಟ್ ಸುಮಾರು 4000 ಬಾರ್ ಒತ್ತಡದಲ್ಲಿ ಓಡುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಫ್ಯಾಕ್ಟರಿಯಲ್ಲಿ ಅಷ್ಟು ಒತ್ತಡ ಬರುವುದು ಹೀಗೆ: 200 ಬಾರ್ ಎಣ್ಣೆ ದೊಡ್ಡ ಪಿಸ್ಟನ್ ತಳ್ಳುತ್ತದೆ, ಅದಕ್ಕಿಂತ ಇಪ್ಪತ್ತು ಪಟ್ಟು ಚಿಕ್ಕ ಮುಖದ ಇನ್ನೊಂದು ಪಿಸ್ಟನ್ ನೀರನ್ನು ಒತ್ತುತ್ತದೆ. ಇದಕ್ಕೆ ಇಂಟೆನ್ಸಿಫೈಯರ್ ಅನ್ನುತ್ತಾರೆ. ಲೆಕ್ಕ ಸುಲಭ. ಆದರೆ ಆ ಒತ್ತಡ ಏರಿ ಇಳಿದು, ಏರಿ ಇಳಿದು, ಸ್ಟೀಲ್ ಸಿಲಿಂಡರ್ ಒಳಗೊಳಗೇ ದಣಿದು ಸೀಳುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ನಾನು ಆ ದಾರಿಗೆ ಹೋಗಲಿಲ್ಲ, ನೀವೂ ಹೋಗಬೇಡಿ.

ಬೇರೆ ದಾರಿ ಇದೆ. ಬರೀ ನೀರಿನ ಜೆಟ್ ಮೊದಲೇ ಇತ್ತು. 1979ರ ಸುಮಾರಿಗೆ ಅಮೆರಿಕದ ಫ್ಲೋ ಕಂಪನಿಯಲ್ಲಿ ಮೊಹಮದ್ ಹಶೀಶ್ ಎಂಬ ಎಂಜಿನಿಯರ್ ಅದಕ್ಕೆ ಗಟ್ಟಿ ಕಣ ಬೆರೆಸುವ ಕೆಲಸ ಶುರು ಮಾಡಿದರು. ಲೋಹ, ಗಾಜು ಕತ್ತರಿಸುವುದು ಸಾಧ್ಯವಾಗಿದ್ದು ಆಮೇಲೆ. ಅಂದರೆ ನಿಜವಾಗಿ ಕತ್ತರಿಸುವುದು ಮರಳು. ನೀರು ಅದನ್ನು ಓಡಿಸುತ್ತದೆ ಅಷ್ಟೇ. ಇನ್ನೊಂದು ಸಂಗತಿ ನಮ್ಮ ಪರವಾಗಿದೆ: ನೀರಿನ ವೇಗ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 4000 ಬಾರ್‌ನಲ್ಲಿ ಸೆಕೆಂಡಿಗೆ ಸುಮಾರು 890 ಮೀಟರ್ ಇದ್ದರೆ, 180 ಬಾರ್‌ನಲ್ಲಿ ಸುಮಾರು 190 ಮೀಟರ್. ಒತ್ತಡ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಬಂದರೂ ವೇಗ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಉಳಿಯುತ್ತದೆ. ಕೆಲಸ ನಿಧಾನ, ಆದರೆ ಆಗುತ್ತದೆ.

ಪಂಪು ಸರ್ವಿಸ್ ಸ್ಟೇಷನ್‌ಗಳಲ್ಲಿ ಇರುವಂಥದ್ದೇ: ಮೂರು ಪ್ಲಂಜರ್, 200 ಬಾರ್, ನಿಮಿಷಕ್ಕೆ 10 ಲೀಟರ್, 5 ಎಚ್‌ಪಿ ತ್ರೀ ಫೇಸ್ ಮೋಟರ್. ಓಡಿಸುವುದು 180 ಬಾರ್‌ನಲ್ಲಿ. ನಳಿಕೆಯ ತೂತು 1.2 ಮಿಲಿಮೀಟರ್. ಎರಡು ಪದರ ವೈರ್ ಹೆಣೆದ ಹೈಡ್ರಾಲಿಕ್ ಹೋಸ್, ಹೈಡ್ರಾಲಿಕ್ ಅಂಗಡಿಯಲ್ಲೇ ಪ್ರೆಸ್ ಮಾಡಿಸಿದ ಎಂಡ್ ಫಿಟ್ಟಿಂಗ್. ಕಾಲಿಂಚಿನ ಆ ಹೋಸ್ 400 ಬಾರ್ ತಡೆಯುತ್ತದೆ. ಮನೆ ನಲ್ಲಿಗೆ ಹಾಕುವ ಜಿಐ ಪೈಪು, ಕ್ಲಿಪ್ಪು, ಟೆಫ್ಲಾನ್ ಟೇಪು ಇಲ್ಲಿ ನಡೆಯುವುದಿಲ್ಲ. ಈ ವಿಷಯದಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ.

ಮೆಷಿನ್ನಿನ ಜೀವ ಇರುವುದು ಹೆಡ್‌ನಲ್ಲಿ. ನಳಿಕೆಯಿಂದ ಹೊರಟ ನೀರು ಸಣ್ಣ ಕೋಣೆಯೊಂದನ್ನು ದಾಟಿ, 4 ಮಿಲಿಮೀಟರ್ ಒಳವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಟ್ಯೂಬಿನೊಳಗೆ ಹೋಗಬೇಕು. ಹೋಗುವಾಗ ಆ ಕೋಣೆಯ ಗಾಳಿಯನ್ನು ಎಳೆಯುತ್ತದೆ, ಗಾಳಿಯ ಜೊತೆ ಮರಳೂ ಬರುತ್ತದೆ. ಟ್ಯೂಬು ನಳಿಕೆಯ ತೂತಿಗಿಂತ ಸುಮಾರು ಮೂರು ಪಟ್ಟು ಅಗಲ ಇರಬೇಕು. ಸ್ಟೇನ್‌ಲೆಸ್ ಸ್ಟೀಲಿನ ಬಾಡಿಯನ್ನು ನಮ್ಮೂರಿನ ಲೇತ್ ಮೇಸ್ತ್ರಿಯೊಬ್ಬರು ತಿರುಗಿಸಿ ಕೊಟ್ಟರು. “ಸಾರ್, ಸೆಂಟರ್ ಇಷ್ಟೊಂದು ಕರೆಕ್ಟಾಗಿ ಬೇಕಾ?” ಅಂದರು. ಬೇಕೇ ಬೇಕು. ಜೆಟ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋದರೂ ಮರಳು ಟ್ಯೂಬಿನ ಒಂದು ಗೋಡೆಯನ್ನೇ ತಿನ್ನುತ್ತದೆ. ಅದಕ್ಕೇ ಸುತ್ತ ನಾಲ್ಕು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಇಟ್ಟಿದ್ದೇನೆ. ಮರಳು ಬಿಡದೆ ಬರೀ ನೀರು ಓಡಿಸಿ, ಜೆಟ್ ಕೆದರದೆ ನೇರವಾಗಿ ಬರುವ ತನಕ ಮತ್ತೆ ಮತ್ತೆ ತಿರುಗಿಸಿ ಕೂರಿಸುತ್ತೇನೆ. ನೋಡುವುದು ಪಕ್ಕದಿಂದ, ಪಾಲಿಕಾರ್ಬೊನೇಟ್ ಶೀಟಿನ ಹಿಂದೆ ನಿಂತು. ಸ್ಕ್ರೂ ಮುಟ್ಟುವುದು ಪಂಪು ನಿಲ್ಲಿಸಿ, ಒತ್ತಡ ಇಳಿಸಿದ ಮೇಲೆ.

ಮರಳು ಅಂದೆನಲ್ಲ, ಅದು ಗಾರ್ನೆಟ್ ಎಂಬ ಖನಿಜದ ಪುಡಿ, 80 ಮೆಶ್, ಅಂದರೆ ಇಂಚಿಗೆ 80 ಕಣ್ಣಿರುವ ಜರಡಿಯ ಅಳತೆ. ತಮಿಳುನಾಡಿನ ಕಡಲತೀರದಲ್ಲಿ ಸಿಗುತ್ತದೆ. ಗಾಜಿಗಿಂತ ಗಟ್ಟಿ. ಹೊಳೆ ಮರಳು, ಎಂ ಸ್ಯಾಂಡ್ ಹಾಕಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಅದರಲ್ಲಿ ಸಿಲಿಕಾ ಇರುತ್ತದೆ. ಒದ್ದೆ ಇರುವಾಗ ಏನೂ ಅನ್ನಿಸುವುದಿಲ್ಲ, ಒಣಗಿದ ಮೇಲೆ ಏಳುವ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಕಲ್ಲಿನ ಕೆಲಸ ಇಷ್ಟೊಂದು ನಡೆಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಗಾರ್ನೆಟ್ ಒಂದೇ ಸಮ ಬೀಳಬೇಕು, ಕಷ್ಟ ಇರುವುದೇ ಅಲ್ಲಿ. ಒಂದು ಕ್ಷಣ ನಿಂತರೆ ಅಷ್ಟು ಜಾಗ ಕತ್ತರಿಸದೆ ಉಳಿಯುತ್ತದೆ. ಜಾಸ್ತಿ ಬಿದ್ದರೆ ಟ್ಯೂಬ್ ಕಟ್ಟಿಕೊಂಡು ನೀರು ಮೇಲಕ್ಕೆ ನುಗ್ಗಿ, ಪೈಪಿನಲ್ಲಿರುವ ಮರಳೆಲ್ಲ ಒದ್ದೆಯಾಗಿ ಗಟ್ಟಿಯಾಗುತ್ತದೆ. ಹಾಪರ್ ಕೆಳಗೆ ತೂತು ಕೊರೆದ ಹಿತ್ತಾಳೆ ಬಿಲ್ಲೆ ಇಟ್ಟು ಅಳತೆ ಹಿಡಿದೆ. ಬೇರೆ ಬೇರೆ ತೂತಿನ ಬಿಲ್ಲೆಗಳನ್ನು ಬದಲಾಯಿಸಿ ನೋಡಿ ಒಂದನ್ನು ಆರಿಸಿಕೊಂಡೆ. ಬಿಲ್ಲೆಯ ಕೆಳಗೆ ಪೈಪ್ ತೆರೆದೇ ಇರಬೇಕು, ಗಾಳಿ ಒಳಗೆ ಹೋಗದಿದ್ದರೆ ಮರಳು ಸಾಗುವುದಿಲ್ಲ. ಪೈಪ್ ಪಾರದರ್ಶಕ ಇದ್ದರೆ ಮರಳಿನ ಓಟ ಕಣ್ಣಿಗೆ ಕಾಣುತ್ತದೆ. ಶುರು ಮಾಡುವಾಗ ಮೊದಲು ನೀರು, ಆಮೇಲೆ ಮರಳು. ನಿಲ್ಲಿಸುವಾಗ ಮೊದಲು ಮರಳು, ಆಮೇಲೆ ನೀರು. ಮಳೆಗಾಲದಲ್ಲಿ ಗಾರ್ನೆಟ್ಟನ್ನು ತಗಡಿನ ಮೇಲೆ ಹರವಿ ಬಿಸಿ ಮಾಡಿಯೇ ಹಾಪರಿಗೆ ಹಾಕುತ್ತೇನೆ.

ಇನ್ನು ನೀರು. ಗಂಟೆಗೆ 600 ಲೀಟರ್ ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಬೋರ್ ನೀರು ಬೇರೆ ಗಡಸು. ನಳಿಕೆಯ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಸಣ್ಣ ಮಣ್ಣು ಪಂಪಿನ ಸೀಲ್ ತಿನ್ನುತ್ತದೆ. ಹಾಗಾಗಿ ಚಾವಣಿಯ ಮಳೆ ನೀರನ್ನು ಸಂಪಿಗೆ ಬಿಟ್ಟು, 5 ಮೈಕ್ರಾನ್ ಫಿಲ್ಟರ್ ದಾಟಿಸಿ ಪಂಪಿಗೆ ಕೊಡುತ್ತೇನೆ. ಕತ್ತರಿಸಿದ ಮೇಲಿನ ನೀರು ಮೂರು ಡ್ರಮ್ಮುಗಳಲ್ಲಿ ತಿಳಿಯಾಗುತ್ತದೆ. ಅದನ್ನು ಪಂಪಿಗೆ ವಾಪಸ್ ಬಿಡುವುದಿಲ್ಲ, ಒಂದು ಗಾರ್ನೆಟ್ ಕಣ ಸೀಲ್ ಹಾಳುಮಾಡಲು ಸಾಕು. ಅಂಗಡಿ ತೊಳೆಯಲು ಬಳಸುತ್ತೇನೆ. ತಳದಲ್ಲಿ ಕೂತ ಗಾರ್ನೆಟ್ಟನ್ನು ಒಣಗಿಸಿ, ಜರಡಿ ಹಿಡಿದು, ನಯ ಬೇಡದ ಕೆಲಸಕ್ಕೆ ಮತ್ತೆ ಹಾಕುತ್ತೇನೆ.

ಜೆಟ್‌ನ ಉಳಿದ ಶಕ್ತಿ ತಡೆಯಲು ಕೆಳಗೆ ಎರಡು ಅಡಿ ನೀರಿನ ತೊಟ್ಟಿ, ತಳದಲ್ಲಿ ಚಪ್ಪಡಿ ಕಲ್ಲು. ಹೆಡ್ ಓಡಿಸಲು ಅಳತೆ ಹಿಡಿದು ತಿರುಗುವ ಸ್ಟೆಪ್ಪರ್ ಮೋಟರ್, ಅದನ್ನು ನಡೆಸಲು ಆರ್ಡುಯಿನೊ ಎಂಬ ಸಣ್ಣ ಕಂಟ್ರೋಲ್ ಬೋರ್ಡ್, ಅದರೊಳಗೆ ಜಿಆರ್‌ಬಿಎಲ್ ಎಂಬ ಸಾಫ್ಟ್‌ವೇರ್. ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಮೆಷಿನ್) ಮಾಡಿದವರಿಗೆ ಹೊಸದೇನಿಲ್ಲ, ಕಂಟ್ರೋಲ್ ಬಾಕ್ಸ್ ಮಾತ್ರ ನೀರು ಸಿಡಿಯದಷ್ಟು ದೂರ ಇಡಿ.

ಬೆರಳಿನ ವಿಷಯ ಬಿಡಿಸಿ ಹೇಳಬೇಕು. ಈ ಒತ್ತಡದ ಜೆಟ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಜಾಸ್ತಿ ಇರದೇ ಇರಬಹುದು. ಒಳಗೆ ಮಾತ್ರ ಕೊಳೆ ನೀರು, ಮರಳು ಹರಡಿರುತ್ತದೆ. ಬ್ಯಾಂಡೇಜ್ ಕಟ್ಟಿ ಸುಮ್ನೆ ಕೂರಬಾರದು. ತಕ್ಷಣ ಆಸ್ಪತ್ರೆಗೆ ಹೋಗಿ, ಎಷ್ಟು ಒತ್ತಡ, ಏನು ಒಳಹೋಗಿದೆ ಅಂತ ಡಾಕ್ಟರಿಗೆ ಹೇಳಬೇಕು. ತಡವಾದರೆ ಬೆರಳೇ ಉಳಿಯದೆ ಹೋಗಬಹುದು. ಲೀಕ್ ಎಲ್ಲಿದೆ ಅಂತ ಕೈ ಸವರಿ ಹುಡುಕುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ರಟ್ಟಿನ ತುಂಡು ಹಿಡಿದು ನೋಡಿ. ನನ್ನ ಮೆಷಿನ್ನಿನ ಮುಚ್ಚಳ ತೆರೆದರೆ ಮೋಟರ್ ತಾನೇ ನಿಲ್ಲುತ್ತದೆ.

ಈಗ 3 ಮಿಲಿಮೀಟರ್ ಅಲ್ಯೂಮಿನಿಯಂ ನಿಮಿಷಕ್ಕೆ ಒಂದು ಸೆಂಟಿಮೀಟರ್ ಚಿಲ್ಲರೆ ಸಾಗುತ್ತದೆ. ಸೀಳಿನ ಅಗಲ 4 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಅಂಗೈಯಷ್ಟು ದೊಡ್ಡ ಅಕ್ಷರಗಳಿಗೆ ಚೆನ್ನ, ಸಣ್ಣ ಅಕ್ಷರಕ್ಕೆ ಆಗದು. ಅಂಚು ಸುಟ್ಟಿರುವುದಿಲ್ಲ, ಶೀಟ್ ಸೊಟ್ಟಗಾಗಿರುವುದಿಲ್ಲ. ಟೈಲ್ಸ್, ರಬ್ಬರ್ ಕೂಡ ಚೆನ್ನಾಗಿ ಬರುತ್ತವೆ. ಗಾಜಿನ ಮಧ್ಯೆ ತೂತು ಶುರು ಮಾಡುವಾಗ ಒತ್ತಡ ಇಳಿಸಿ, ಮರಳು ಬೀಳುತ್ತಿರುವುದು ಖಾತ್ರಿಯಾದ ಮೇಲೆ ಏರಿಸುತ್ತೇನೆ. ಟಫನ್ಡ್ ಗಾಜನ್ನು (ಕಾಯಿಸಿ ಬೇಗನೆ ತಣಿಸಿ ಗಟ್ಟಿ ಮಾಡಿದ ಗಾಜು) ಮಾತ್ರ ಫ್ಯಾಕ್ಟರಿ ಮೆಷಿನ್ ಕೂಡ ಕತ್ತರಿಸಲಾರದು, ಮುಟ್ಟಿದ ಕೂಡಲೇ ಪೂರ್ತಿ ಪುಡಿಯಾಗುತ್ತದೆ. ಗಾಜು ತಂದವರನ್ನು ನಾನು ಮೊದಲು ಕೇಳುವುದು ಅದು ಟಫನ್ಡ್ ಹೌದೋ ಅಲ್ಲವೋ ಅಂತಲೇ.